ಆರು ಗಾಡಿ ತುಂಬುವವರೆಗೆ

ಕಾರ್ಖಾನೆಯಲ್ಲಿ ಅವರನ್ನು ಎದುರಿಗೆ ಸಾರ್ ಎಂದೂ ಬೆನ್ನ ಹಿಂದೆ ಮೈಕ್ರಾನ್ ಎಂದೂ ಕರೆಯುತ್ತಿದ್ದೆವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮದು ಬೇರಿಂಗ್ ಮಾಡುವ ಕಾರ್ಖಾನೆ. ಉಕ್ಕಿನ ಗುಂಡು, ಉಕ್ಕಿನ ಬಳೆ, ಏನೇ ಇರಲಿ, ಅಳತೆ ಕೋಣೆಗೆ ಬಂದು ಅವರ ಕೈ ದಾಟದೆ ಹೊರಗೆ ಹೋಗುವಂತಿರಲಿಲ್ಲ. ಅವರ ಎದುರಿನ ಮೇಜಿನಲ್ಲಿ ನಾನು ಹತ್ತೊಂಬತ್ತು ವರ್ಷ ಕೂತೆ. ಅಷ್ಟು ವರ್ಷದಲ್ಲಿ ಅವರ ಬಾಯಿಂದ 'ನಡೆಯುತ್ತೆ ಬಿಡು' ಎಂಬ ಮಾತು ಬಂದದ್ದನ್ನು ಕೇಳಿದವನಲ್ಲ. ಗುಂಡನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತುಟಿ ಒತ್ತಿಕೊಂಡು, ಕೆಂಪು ಡಬ್ಬಿಗೆ ಹಾಕಿಬಿಡುತ್ತಿದ್ದರು. ಕೆಂಪು ಡಬ್ಬಿಗೆ ಬಿದ್ದದ್ದು ಮತ್ತೆ ಎದ್ದು ಬಂದದ್ದಿಲ್ಲ.

ಮನೆಯಲ್ಲೂ ಅದೇ ಮನುಷ್ಯ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಒಮ್ಮೆ ನಗುತ್ತ ಹೇಳಿದ್ದರು: "ಮದುವೆಗೆ ಮುಂಚೆ ಮೊದಲ ಸಲ ನಮ್ಮನೆಗೆ ಬಂದವರು, ಬಾಗಿಲು ಸ್ವಲ್ಪ ಎಡಕ್ಕೆ ವಾಲಿದೆ ಅಂದ್ರು ಕಣಪ್ಪ. ಹುಡುಗಿ ಹೇಗಿದಾಳೆ ಅಂತ ಅವರಮ್ಮ ಕೇಳಿದ ಮೇಲೆ ನನ್ನ ಕಡೆ ತಿರುಗಿ ನೋಡಿದ್ದು."

ಅವರ ಬಳಿ ಒಂದು ಹಳೆಯ ಮೋಟರ್ ಸೈಕಲ್ ಇತ್ತು. ಅವರು ಹುಟ್ಟುವುದಕ್ಕೂ ಮುಂಚೆ ತಯಾರಾದದ್ದು. ಒಂದೇ ಸಿಲಿಂಡರಿನ ಭಾರದ ಗಾಡಿ. ಕಪ್ಪು ಟ್ಯಾಂಕಿನ ಮೇಲೆ ಕುಂಚದಲ್ಲಿ ಎಳೆದ ಬಂಗಾರದ ಬಣ್ಣದ ಗೆರೆ, ಮೊಣಕಾಲು ತಾಗುವ ಕಡೆ ಎರಡು ರಬ್ಬರ್ ಹಾಳೆ, ಸ್ಪ್ರಿಂಗಿನ ಮೇಲೆ ಕೂರುವ ಚರ್ಮದ ಸೀಟು. ಹರೆಯದಲ್ಲಿ ಅವರೂ ಅವರ ತಮ್ಮನೂ ಸೇರಿ ಅದನ್ನು ಗುಜರಿ ಅಂಗಡಿಯಿಂದ ಒಂದು ಚೌಕಟ್ಟು ಮತ್ತು ಎರಡು ಚೀಲ ಬಿಡಿಭಾಗಗಳ ರೂಪದಲ್ಲಿ ಮನೆಗೆ ತಂದಿದ್ದರು. ಜೋಡಿಸಲು ನಾಲ್ಕು ವರ್ಷ ಹಿಡಿಯಿತು. ಕೆಲಸವೆಲ್ಲ ಅಣ್ಣನದು, ಓಡಿಸುವುದು ತಮ್ಮನದು. ತಮ್ಮ ಟೆಲಿಫೋನ್ ಲೈನ್‌ಮನ್. ಕಂಬ ಹತ್ತುವವನು, ಎತ್ತರಕ್ಕೂ ವೇಗಕ್ಕೂ ಅಂಜದವನು, ಮಾತಿಗೆ ಮುಂಚೆ ನಗುವವನು. ಅವನು ಗಾಡಿ ಹತ್ತಿ ಬೀದಿ ತಿರುಗಿದರೆ ಶಬ್ದ ಕೇಳಿಯೇ ಅಣ್ಣ ಹೇಳುತ್ತಿದ್ದರಂತೆ, "ಮೂರನೇ ಗೇರಿಗೆ ಬೇಗ ಹಾಕ್ದ ನೋಡು, ಪೆದ್ದ."

ಒಂದು ದಿನ ತಮ್ಮ ಕೇಳದೆ ಗಾಡಿ ಒಯ್ದ. ಸಂಜೆ ಟ್ಯಾಂಕಿನ ಎಡಗಡೆ ಅಂಗೈ ಅಗಲದ ತಗ್ಗು ಮಾಡಿಕೊಂಡು ಬಂದ. ಜಾರಿ ಬಿದ್ದಿದ್ದನಂತೆ, ಮೊಣಕೈ ಕಿತ್ತುಹೋಗಿತ್ತು. ಅಣ್ಣ ಮೊದಲು ಟ್ಯಾಂಕ್ ನೋಡಿದರು, ಆಮೇಲೆ ಮೊಣಕೈ. ಬೈಯಲಿಲ್ಲ. ಆರು ತಿಂಗಳು ಕೂತು ಆ ತಗ್ಗನ್ನು ಒಳಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಎತ್ತಿದರು. ಬಣ್ಣ ಬಳಿದರು. ಕೀಲಿಯನ್ನು ತಮ್ಮದೇ ಮೇಜಿನ ಖಾನೆಯಲ್ಲಿಟ್ಟರು. ತಮ್ಮನಿಗೆ ಅದನ್ನು ಮತ್ತೆ ಕೊಡಲಿಲ್ಲ.

ಜಗಳ ಅಂತ ಏನೂ ಆಗಲಿಲ್ಲ. ಅದಾದರೂ ಆಗಿದ್ದರೆ ಒಳ್ಳೆಯದಿತ್ತೇನೋ. ತಮ್ಮನಿಗೆ ದೇಶದ ಇನ್ನೊಂದು ತುದಿಗೆ ವರ್ಗವಾಯಿತು. ಅಲ್ಲೇ ಮದುವೆಯಾದ, ಅಲ್ಲೇ ಮನೆ ಮಾಡಿದ. ಎರಡು ಮೂರು ವರ್ಷಕ್ಕೊಮ್ಮೆ ಬಂದಾಗ ಚಪ್ಪಲಿ ಕಳಚುವ ಮೊದಲೇ ಹಿಂದಿನ ಶೆಡ್ಡಿಗೆ ಹೋಗಿ ನಿಲ್ಲುತ್ತಿದ್ದ.

"ಏನಣ್ಣ, ಆಯ್ತಾ?"

"ಇನ್ನೂ ಸ್ವಲ್ಪ ಇದೆ."

ಇಪ್ಪತ್ತೆರಡು ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಅವನು ನಗುತ್ತಿದ್ದ, ಇವರು ಬಟ್ಟೆಯಲ್ಲಿ ಹ್ಯಾಂಡಲ್ ಒರೆಸುತ್ತಿದ್ದರು. ಇವರು ಅವನ ಊರಿಗೆ ಹೋದದ್ದು ಅವನ ಮದುವೆಗೆ ಒಮ್ಮೆ. ಅದು ಬಿಟ್ಟರೆ ಇಲ್ಲ.

ಮೈಕ್ರಾನ್ ಸಾರ್ ನಿವೃತ್ತರಾದ ಮೇಲೂ ನಾನು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಅಂಥದೊಂದು ಭಾನುವಾರ ನಾನು ಹೋದಾಗ ಅವರು ಶೆಡ್ಡಿನಲ್ಲಿ ಗಾಡಿಯ ಎದುರು ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಕೈಯಲ್ಲಿ ಬಟ್ಟೆ ಇರಲಿಲ್ಲ.

"ತಮ್ಮ ಫೋನ್ ಮಾಡಿದ್ದ," ಎಂದರು. "ಶ್ವಾಸಕೋಶ ಗಟ್ಟಿಯಾಗ್ತಾ ಬಂದಿದೆಯಂತೆ. ಔಷಧಿ ಇಲ್ವಂತೆ ಅದಕ್ಕೆ. ಡಾಕ್ಟರು ತಿಂಗಳುಗಳ ಲೆಕ್ಕ ಹೇಳಿದಾರೆ."

ನಾನು ಅವರ ಪಕ್ಕ ನೆಲದ ಮೇಲೆ ಕೂತೆ.

"ಗಾಡಿ ಕೇಳಿದ. 'ಅಣ್ಣ, ಈಗಾದ್ರೂ ಕಳಿಸ್ತೀಯಾ' ಅಂದ." ಗಾಡಿಯ ಸೀಟಿನ ಮೇಲೆ ಕೈಯಿಟ್ಟು ಮತ್ತೆ ಹೇಳಿದರು, "ಒಂದೇ ಉಸಿರಲ್ಲಿ ಆರು ಮಾತು ಆಡೋಕೆ ಆಗುತ್ತೆ ಅವನಿಗೆ. ಏಳನೇದಕ್ಕೆ ನಿಲ್ಲಿಸ್ತಾನೆ. ನಾನು ಕೇಳಿಸ್ಕೊಂಡೆ."

ಅಂದಿನಿಂದ ಗಾಡಿ ಕಳಿಸುವ ಕಂಪನಿ ಹುಡುಕುವ ಕೆಲಸ ಶುರುವಾಯಿತು. ನಾನೂ ಜೊತೆಗೆ ಓಡಾಡಿದೆ. ಎರಡು ಸಾವಿರ ಕಿಲೋಮೀಟರಿನ ಮೇಲಿನ ದಾರಿ. ನಡುವೆ ಘಟ್ಟ, ನದಿ, ಕಿತ್ತುಹೋದ ರಸ್ತೆ ಎಲ್ಲವೂ ಇದ್ದವು. ಸಾರ್ ಒಂದು ನೋಟ್ ಪುಸ್ತಕ ಇಟ್ಟುಕೊಂಡು ಕಂಪನಿಗೊಂದು ಪುಟ ತೆಗೆದಿಟ್ಟರು.

ಮೊದಲು ಹೋದದ್ದು ದೊಡ್ಡ ಹೆಸರಿನ ಕಂಪನಿಗೆ. ಗಾಜಿನ ಬಾಗಿಲು, ತಣ್ಣಗಿನ ಕೋಣೆ, ಗೋಡೆಯ ಮೇಲೆ ನಗುವ ಸಂಸಾರದ ಚಿತ್ರ. ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿಸಿದಳು.

"ಮೂರು ಪದರ ಪ್ಯಾಕಿಂಗ್ ಸರ್. ಒಂದು ಗುಳ್ಳೆ ಕವರ್, ಒಂದು ರಟ್ಟು, ಮೇಲೆ ಪ್ಲಾಸ್ಟಿಕ್. ಹತ್ತು ದಿನದಲ್ಲಿ ಮನೆ ಬಾಗಿಲಿಗೆ."

"ದಾರೀಲಿ ಎಷ್ಟು ಕಡೆ ಇಳಿಸಿ ಹತ್ತಿಸ್ತೀರಿ?"

"ಎರಡು ಕಡೆ ಗೋಡೌನ್ ಇದೆ ಸರ್."

"ಅಲ್ಲಿ ಯಾರು ಇಳಿಸ್ತಾರೆ?"

"ನಮ್ಮ ಪಾರ್ಟ್ನರ್ಸ್ ಇರ್ತಾರೆ ಸರ್."

"ಅವರಿಗೆ ಗಾಡಿ ಎಲ್ಲಿ ಹಿಡಿದು ಎತ್ತಬೇಕು ಅಂತ ಗೊತ್ತಾ?"

ಹುಡುಗಿ ನಕ್ಕಳು. ಅವಳಿಗದು ತಮಾಷೆ ಎನಿಸಿರಬೇಕು. ಸಾರ್ ನಗಲಿಲ್ಲ. ಅಲ್ಲಿಂದ ನೇರ ಅವರ ಗೋಡೌನಿಗೆ ನನ್ನನ್ನು ಎಳೆದುಕೊಂಡು ಹೋದರು. ಗೇಟಿನ ಹೊರಗೆ ನಿಂತು ಒಂದು ಗಂಟೆ ನೋಡಿದೆವು. ಇಬ್ಬರು ಆಳುಗಳು ಬಟ್ಟೆ ಒಗೆಯುವ ಯಂತ್ರವೊಂದನ್ನು ಮೂಲೆಯಿಂದ ಮೂಲೆಗೆ ಉರುಳಿಸುತ್ತ ತಂದರು. ಇನ್ನೊಬ್ಬ ಸ್ಕೂಟರೊಂದನ್ನು ಅದರ ಕನ್ನಡಿ ಹಿಡಿದು ಎಳೆದ. ಸಾರ್ ತುಟಿ ಒತ್ತಿಕೊಂಡರು. ಆ ಪುಟಕ್ಕೆ ಅಡ್ಡಗೆರೆ ಬಿತ್ತು.

ಎರಡನೆಯವನು ಒಬ್ಬ ಲಾರಿಯವನು. ಕಂಪನಿ ಅಂದರೆ ಅವನು, ಅವನ ಲಾರಿ, ಒಂದು ಫೋನ್ ನಂಬರು. ಹಾರ್ನ್ ಮೇಲಿಂದ ಕೈ ತೆಗೆಯದವನಾದ್ದರಿಂದ ಟೀ ಅಂಗಡಿಯಲ್ಲಿ ಎಲ್ಲರೂ ಅವನನ್ನು ಹಾರ್ನಣ್ಣ ಎನ್ನುತ್ತಿದ್ದರು. ಹಾಸಿಗೆಯ ಸ್ಪಂಜ್ ತುಂಬಿಕೊಂಡು ಎರಡು ವಾರಕ್ಕೊಮ್ಮೆ ತಮ್ಮನ ಊರಿನ ಹತ್ತಿರಕ್ಕೇ ಹೋಗುತ್ತಿದ್ದ.

"ಗುರುವಾರ ಹೊರಟ್ರೆ ಮಂಗಳವಾರ ಅಲ್ಲಿರ್ತೀನಿ ಸಾರ್. ನಾನೇ ಹತ್ತಿಸ್ತೀನಿ, ನಾನೇ ಇಳಿಸ್ತೀನಿ. ನಡುವೆ ಯಾರೂ ಮುಟ್ಟಲ್ಲ. ಸ್ಪಂಜ್ ಮಧ್ಯೆ ಮಗು ಮಲಗಿಸಿದ ಹಾಗೆ ಮಲಗಿಸ್ಕೊಂಡು ಹೋಗ್ತೀನಿ."

"ಮಲಗಿಸಬಾರದು, ನಿಲ್ಲಿಸಬೇಕು. ಮಲಗಿಸಿದ್ರೆ ಎಣ್ಣೆ ಸೋರುತ್ತೆ."

"ಆಯ್ತು, ನಿಲ್ಲಿಸ್ಕೊಂಡು ಹೋಗ್ತೀನಿ."

"ಹಗ್ಗ ಎಷ್ಟು ಬಿಗಿ ಕಟ್ತೀಯಾ?"

ಹಾರ್ನಣ್ಣ ನನ್ನ ಮುಖ ನೋಡಿದ. "ಬಿಗಿಯಾಗೋಷ್ಟು ಸಾರ್."

ಸಾರ್ ಲಾರಿಯ ಹಿಂಭಾಗಕ್ಕೆ ಹತ್ತಿದರು. ಆ ವಯಸ್ಸಿನಲ್ಲಿ ಮಂಡಿಯೂರಿ ಹಲಗೆ ಹಲಗೆಯನ್ನೂ ಕೈಯಲ್ಲಿ ಸವರಿ ನೋಡಿದರು. ಒಂದು ಕಡೆ ಮೊಳೆಯ ತಲೆ ಮೇಲೆದ್ದಿತ್ತು. ಬೆರಳಿಟ್ಟು ನನಗೆ ತೋರಿಸಿದರು. ಹಾರ್ನಣ್ಣ ಕಲ್ಲು ತಂದು ಅಲ್ಲೇ ಎರಡು ಏಟು ಹಾಕಿ ಮೊಳೆಯನ್ನು ಒಳಗೆ ಹೊಡೆದ. "ಮುಗೀತಲ್ಲ ಸಾರ್?" ಎಂದ. ಮುಗಿಯಲಿಲ್ಲ. ಒಂದು ಮೊಳೆ ಎದ್ದ ಕಡೆ ಇನ್ನೊಂದು ಏಳುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ? ಆ ಪುಟಕ್ಕೂ ಗೆರೆ ಬಿತ್ತು.

ಇವೆರಡೂ ಅಲ್ಲದೆ ಇನ್ನೂ ಐದಾರು ಕಂಪನಿ ನೋಡಿದೆವು. ಒಬ್ಬರು ರೈಲಿನಲ್ಲಿ ಕಳಿಸುವವರು, ಒಬ್ಬರು ಫೋನಿನಲ್ಲೇ ಮಾತು ಮುಗಿಸುವವರು, ಇನ್ನೊಬ್ಬರು ಗಾಡಿ ಎಷ್ಟು ಹಳೆಯದೆಂದು ಕೇಳಿ ವಿಮೆ ಮಾಡುವುದಿಲ್ಲ ಎಂದವರು. ಹೀಗೆ ಮೂರು ವಾರ ಸಂದಿತು. ಸಾರ್ ತಮ್ಮನಿಗೆ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. ಫೋನ್ ಇಟ್ಟ ಮೇಲೆ ಏನೂ ಹೇಳುತ್ತಿರಲಿಲ್ಲ. ಒಂದು ದಿನ ಮಾತ್ರ, "ನಾಲ್ಕಕ್ಕೆ ಬಂತು" ಎಂದರು. ಒಂದು ಉಸಿರಿಗೆ ಎಷ್ಟು ಮಾತು ಎಂಬ ಲೆಕ್ಕ ಅದೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕೊನೆಗೆ ಸಿಕ್ಕವರು ಊರಾಚೆ ದೊಡ್ಡ ಅಂಗಳವಿದ್ದ ಒಬ್ಬ ಕಂಟೇನರ್ ಮಾಲೀಕರು. ಹಳೆಯ ವಾಹನಗಳನ್ನು ಬಿಟ್ಟು ಬೇರೇನನ್ನೂ ಸಾಗಿಸದವರು. ಮೊದಲು ಮೆಕ್ಯಾನಿಕ್ ಆಗಿದ್ದವರು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸಿನ ಕಪ್ಪು ಇತ್ತು. ಅವರ ಕಂಟೇನರ್ ನಾಲ್ಕೂ ಕಡೆ ಮುಚ್ಚಿದ್ದು. ನೆಲಕ್ಕೆ ರಬ್ಬರ್ ಹಾಸು, ಚಕ್ರ ಕಚ್ಚಿ ಹಿಡಿಯುವ ಕಬ್ಬಿಣದ ಹಿಡಿಕೆ, ಪ್ರತಿ ಪಟ್ಟಿಯ ಕೆಳಗೂ ಮೆತ್ತನೆಯ ಬಟ್ಟೆ. ಗಾಡಿಯ ವರ್ಷ ಹೇಳಿದ ಕೂಡಲೇ ಅವರು, "ಅದರ ಮುಂದಿನ ಫೋರ್ಕಿಗೆ ಪಟ್ಟಿ ಹಾಕಬಾರದು, ಚೌಕಟ್ಟಿಗೇ ಹಾಕಬೇಕು" ಎಂದರು.

ಸಾರ್ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಬೆಳಕು ಕಂಡಿತು. ಇಬ್ಬರೂ ಎರಡು ಗಂಟೆ ಮಾತಾಡಿದರು. ನನಗೆ ಹಸಿವಾಗಿತ್ತು, ಅವರಿಬ್ಬರಿಗೂ ಹೊಟ್ಟೆಯ ನೆನಪೇ ಇರಲಿಲ್ಲ.

"ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ," ಎಂದರು ಮಾಲೀಕರು. "ಆರು ಗಾಡಿ ತುಂಬಿದ ಮೇಲೇ ನಾನು ಹೊರಡೋದು. ಖಾಲಿ ಜಾಗ ಇದ್ರೆ ಉಳಿದದ್ದು ಅಲುಗಾಡುತ್ತೆ. ಈಗ ಎರಡಿವೆ. ನಿಮ್ಮದು ಮೂರನೇದು."

"ಎಷ್ಟು ದಿನ ಆಗಬಹುದು?"

"ಹೇಳೋಕಾಗಲ್ಲ. ವಾರ, ಹೆಚ್ಚಂದ್ರೆ ಎರಡು ವಾರ. ಇನ್ನೂ ಜಾಸ್ತಿ ಆದ್ರೂ ಆಗಬಹುದು. ನಾನು ಸುಳ್ಳು ಹೇಳೋನಲ್ಲ."

ಹೊರಗೆ ಬಂದ ಮೇಲೆ ಸಾರ್ ನನ್ನನ್ನು ಕೇಳಿದರು, "ಏನಂತೀಯಪ್ಪ?"

ಇದನ್ನು ಬರೆಯಲು ಕೂತದ್ದೇ ಈ ಒಂದು ಕಾರಣಕ್ಕೋ ಏನೋ. ಅವತ್ತು ನಾನು 'ಹಾರ್ನಣ್ಣ ಗುರುವಾರ ಹೊರಡ್ತಾನೆ ಸಾರ್' ಎನ್ನಬಹುದಿತ್ತು. ನಾಲಗೆಯ ತುದಿಯವರೆಗೂ ಬಂದಿತ್ತು. ಆದರೆ ನಾನೂ ಅದೇ ಅಳತೆ ಕೋಣೆಯಲ್ಲಿ ಪಳಗಿದವನು. ಮೊಳೆಯ ತಲೆಯನ್ನು ನಾನೂ ಕಣ್ಣಾರೆ ಕಂಡಿದ್ದೆ.

"ಇದೇ ಸರಿ ಸಾರ್," ಎಂದೆ.

ಗಾಡಿ ಕಳಿಸುವ ದಿನ ಅವರು ಪೆಟ್ರೋಲ್ ಪೂರ್ತಿ ತೆಗೆದರು, ಬ್ಯಾಟರಿ ಬಿಚ್ಚಿದರು, ಒಂದೊಂದು ಭಾಗವನ್ನೂ ಒರೆಸಿದರು. ಕಂಟೇನರಿನೊಳಗೆ ಮೂರನೆಯ ಹಿಡಿಕೆಗೆ ಚಕ್ರ ಕೂತಾಗ ಟಕ್ ಎಂದು ಶಬ್ದವಾಯಿತು. ಸಾರ್ ಚೌಕಟ್ಟು ಹಿಡಿದು ಅಲುಗಿಸಿ ನೋಡಿದರು. ಒಂದು ಕೂದಲಿನಷ್ಟೂ ಅಲುಗಲಿಲ್ಲ.

ಮೊದಲ ವಾರದ ಕೊನೆಗೆ ನಾಲ್ಕನೆಯದು ಬಂತು. ಎರಡನೆಯ ವಾರ ಯಾವುದೂ ಬರಲಿಲ್ಲ. ಮೂರನೆಯ ವಾರ ಐದನೆಯದು ಬಂತು, ಬಂದದ್ದು ಎರಡೇ ದಿನದಲ್ಲಿ ವಾಪಸ್ ಹೋಯಿತು. ಅದರ ಒಡೆಯನಿಗೆ ಮನಸ್ಸು ಬದಲಾಯಿತಂತೆ. ಸಾರ್ ಪ್ರತಿ ದಿನ ಬೆಳಿಗ್ಗೆ ಬಸ್ಸು ಹಿಡಿದು ಅಂಗಳಕ್ಕೆ ಹೋಗುತ್ತಿದ್ದರು. ಕಂಟೇನರಿನ ಬಾಗಿಲು ತೆಗೆಸಿ, ಒಳಗೆ ನೋಡಿ, ಬರುತ್ತಿದ್ದರು.

ಆ ದಿನಗಳಲ್ಲಿ ಒಮ್ಮೆ ನನ್ನೆದುರೇ ತಮ್ಮನ ಫೋನ್ ಬಂತು. ಸಾರ್ ಸ್ಪೀಕರ್ ಹಾಕಿದರು. ಹಿಂದೆ ಆಮ್ಲಜನಕದ ಯಂತ್ರದ ಗುರುಗುರು ಕೇಳುತ್ತಿತ್ತು.

"ಅಣ್ಣ… ಹೊರಟಿತಾ?"

"ನಾಲ್ಕಿವೆ. ಇನ್ನೆರಡು ಬೇಕು. ಆರಾದ ತಕ್ಷಣ ಹೊರಡುತ್ತೆ."

"ಓ… ಬಸ್ಸು… ತುಂಬೋವರೆಗೂ… ಕಾಯೋ… ಹಾಗೆ." ಆ ಕಡೆಯಿಂದ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಯಾರೋ ಫೋನ್ ತೆಗೆದುಕೊಂಡು ಬಂದ್ ಮಾಡಿದರು.

ಅಡುಗೆ ಮನೆಯಿಂದ ಅಕ್ಕ ಬಂದು ಬಾಗಿಲಲ್ಲಿ ನಿಂತಿದ್ದರು. "ನೀವು ಮೊದಲು ಹೋಗಿ ಬನ್ನಿ. ಗಾಡಿ ಹಿಂದಿಂದ ಬರುತ್ತೆ," ಎಂದರು.

"ಬರಿಗೈಯಲ್ಲಿ ಹೋಗಿ ಏನಂತ ಮುಖ ತೋರಿಸ್ಲಿ? ಗಾಡಿ ಇಳಿಸೋ ದಿನ ಅಲ್ಲಿ ನಾನಿರಬೇಕು. ಅವತ್ತು ಹೋಗೋಣ, ಇಬ್ಬರೂ ಹೋಗೋಣ."

ಅಕ್ಕ ಮತ್ತೆ ಏನೂ ಅನ್ನಲಿಲ್ಲ. ಅನ್ನಬೇಕಿತ್ತು ಅಂತ ಈಗ ಅವರಿಗೂ ಅನ್ನಿಸುತ್ತದೆ. ನಾವು ಮೂವರೂ ಹೀಗೆ ಒಂದೊಂದು ಮಾತನ್ನು ಒಳಗೇ ಇಟ್ಟುಕೊಂಡವರು.

ಐದನೆಯ ವಾರ ನಾವಿಬ್ಬರೂ ಟೀ ಅಂಗಡಿಯಲ್ಲಿ ನಿಂತಿದ್ದಾಗ ಹಿಂದಿನಿಂದ ಪರಿಚಯದ ಹಾರ್ನ್ ಕೇಳಿತು. ಹಾರ್ನಣ್ಣ ಲಾರಿಯಿಂದ ಇಳಿದು ಬಂದ. ಮುಖದ ತುಂಬ ರಸ್ತೆಯ ಧೂಳು.

"ಏನ್ ಸಾರ್, ನಿಮ್ಮ ಗಾಡಿ ಹೋಯ್ತಾ? ನಾನು ಅಷ್ಟರಲ್ಲಿ ಎರಡು ಸಲ ಹೋಗಿ ಬಂದೆ ಆ ಕಡೆ."

ಕೊಂಕು ಮಾತಲ್ಲ ಅದು. ಅವನಿಗೆ ಕೊಂಕು ಬರುತ್ತಲೂ ಇರಲಿಲ್ಲ. ಸಾರ್ ಕೈಯಲ್ಲಿದ್ದ ಗಾಜಿನ ಲೋಟವನ್ನೇ ನೋಡುತ್ತ ನಿಂತರು. ಟೀ ಆರಿ ಮೇಲೆ ಕೆನೆ ಕಟ್ಟಿತ್ತು. ಲೋಟ ಕೆಳಗಿಟ್ಟು, "ನೀನು ಮತ್ತೆ ಯಾವಾಗ ಹೊರಡ್ತೀಯಾ?" ಎಂದು ಕೇಳಿದರು.

"ನಾಳೆ ಬೆಳಿಗ್ಗೆ."

"ನಾಳೆ ನನ್ನ ಗಾಡಿ ತಗೊಂಡು ಹೋಗು. ಹೇಗಾದ್ರೂ ಕಟ್ಟು. ಮಲಗಿಸಿದ್ರೂ ಪರವಾಗಿಲ್ಲ."

ಅವರ ಬಾಯಿಂದ 'ಪರವಾಗಿಲ್ಲ' ಎಂಬುದನ್ನು ನಾನು ಅಂದೇ ಮೊದಲು ಕೇಳಿದ್ದು. ಅಲ್ಲಿಂದ ಆಟೋ ಹಿಡಿದು ಅಂಗಳಕ್ಕೆ ಓಡಿದೆವು. ಹೋಗುವಷ್ಟರಲ್ಲಿ ಕಂಟೇನರ್ ಮಾಲೀಕರು ನಗುತ್ತ ಎದುರು ಬಂದರು. "ನಿಮಗೇ ಫೋನ್ ಮಾಡೋಣ ಅಂತಿದ್ದೆ ಸಾರ್. ಬೆಳಿಗ್ಗೆ ಒಂದೇ ಮನೆಯಿಂದ ಎರಡು ಬಂದ್ವು. ಆರಾಯ್ತು! ನಾಳಿದ್ದು ಹೊರಟೇಬಿಡ್ತೀವಿ."

ಸಾರ್ ಗಾಡಿ ಈಗ ಒಳಗಡೆ ಮೂಲೆಯಲ್ಲಿತ್ತು. ಮುಂದೆ ಮೂರು ವಾಹನ ಬಿಗಿದು ನಿಂತಿದ್ದವು. ಎಲ್ಲ ಬಿಚ್ಚಿ ಅದನ್ನು ಹೊರತೆಗೆಯಲು ಒಂದು ದಿನ ಬೇಕು. ಅಷ್ಟರಲ್ಲಿ ಹಾರ್ನಣ್ಣ ಹೊರಟುಹೋಗಿರುತ್ತಿದ್ದ, ಅವನ ಮುಂದಿನ ಸರದಿ ಎರಡು ವಾರದ ಮೇಲೆ. ಹಾಗೇ ಬಿಟ್ಟು ಬಂದೆವು. ಹಾರ್ನಣ್ಣನಿಗೆ ಬೇಡವೆಂದು ಫೋನ್ ಮಾಡಿದವನು ನಾನು. "ಒಳ್ಳೇದಾಯ್ತು ಬಿಡಿ, ಹೋದ್ರೆ ಸಾಕು," ಎಂದ.

ಕಂಟೇನರ್ ಹೊರಟ ದಿನ ಸಾರ್ ರೈಲಿನ ಟಿಕೆಟ್ ಮಾಡಿಸಿದರು. ಗಾಡಿ ಊರು ತಲುಪಲು ಒಂಬತ್ತು ದಿನ. ರೈಲಿಗೆ ಎರಡು ದಿನ. ಏಳನೆಯ ದಿನ ಹೊರಟರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿ ಆ ದಿನಕ್ಕೇ ಮಾಡಿಸಿದರು. ತಮ್ಮನಿಗೆ ಫೋನ್ ಮಾಡಿ ಹೇಳಿದರು. ಆ ಕಡೆಯಿಂದ ಬಂದದ್ದು ಒಂದೇ ಮಾತು.

"ಬಾ."

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮನ ಮಗಳು ಫೋನ್ ಮಾಡಿದಳು. ನರ್ಸ್ ಕೆಲಸದಲ್ಲಿರುವ ಹುಡುಗಿ. ಅಳಲಿಲ್ಲವಂತೆ. "ದೊಡ್ಡಪ್ಪ, ಅಪ್ಪ ಹೋದ್ರು," ಎಂದಷ್ಟೇ ಹೇಳಿದಳು. ಸಾರ್ ಫೋನ್ ಕಿವಿಗೆ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಿದ್ದರು ಎಂದು ಅಕ್ಕ ಆಮೇಲೆ ಹೇಳಿದರು. ಅರ್ಧ ಗಂಟೆಯಲ್ಲಿ ಮತ್ತೆ ಫೋನ್ ಬಡಿದುಕೊಂಡಿತು. ಕಂಟೇನರ್ ಮಾಲೀಕರು. ದಿನಾ ಆ ಹೊತ್ತಿಗೆ ಗಾಡಿ ಎಲ್ಲಿದೆ ಎಂದು ಹೇಳುವುದು ಅವರ ಪದ್ಧತಿ. "ಹೆಚ್ಚೂಕಮ್ಮಿ ಅರ್ಧ ದಾರಿ ಆಯ್ತು ಸಾರ್. ಒಂಚೂರೂ ಚಿಂತೆ ಬೇಡ!" ಎಂದರಂತೆ.

ಸಿಕ್ಕ ರೈಲು ಹತ್ತಿ ಇಬ್ಬರೂ ಹೋದರು. ಅವರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಮ್ಮನ ಮನೆ ಮೂರನೆಯ ಮಹಡಿಯಲ್ಲಿ. ಎರಡು ಕೋಣೆ, ಕಿಟಕಿಯ ಹತ್ತಿರ ಒಂದು ಕಬ್ಬಿಣದ ಮಂಚ, ಮಂಚದ ಪಕ್ಕ ನಿಲ್ಲಿಸಿದ ಆಮ್ಲಜನಕದ ಯಂತ್ರ. ಅದನ್ನು ಬಾಡಿಗೆಯವರು ಒಯ್ಯಲು ಬಂದಿರಲಿಲ್ಲ. ತಮ್ಮನ ಹೆಂಡತಿ ಬಾಗಿಲು ತೆಗೆದು, "ಬನ್ನಿ ಭಾವ, ಬಾ ಅಕ್ಕ" ಎಂದು ಒಳಗೆ ಕರೆದಳು. ನೀರು ಕೊಟ್ಟಳು. ಊಟಕ್ಕೆ ಬಡಿಸಿದಳು.

ಮೂರು ದಿನ ಅದೇ ಮನೆಯಲ್ಲಿ ಸಾರ್ ಗಾಡಿಗಾಗಿ ಕಾದರು. ನಾಲ್ಕನೆಯ ದಿನ ಮಧ್ಯಾಹ್ನ ಕಂಟೇನರ್ ಬಂದು ಕೆಳಗೆ ನಿಂತಿತು. ಡ್ರೈವರ್ ಪಟ್ಟಿ ಬಿಚ್ಚಿ, ಬಟ್ಟೆ ತೆಗೆದು, ಗಾಡಿಯನ್ನು ಹಲಗೆಯ ಮೇಲೆ ಮೆಲ್ಲಗೆ ಇಳಿಸಿದ. ಹೇಳಿದ ದಿನಕ್ಕೆ ಸರಿಯಾಗಿ ಬಂದಿತ್ತು. ಒಂದು ಗೀರಿರಲಿಲ್ಲ, ಧೂಳೂ ಕೂತಿರಲಿಲ್ಲ. ಅವನು ಒಂದು ಕಾಗದ ಮುಂದೆ ಹಿಡಿದು, "ಚೆನ್ನಾಗಿ ನೋಡಿ ಸಾರ್. ಎಲ್ಲಾದ್ರೂ ಡ್ಯಾಮೇಜ್ ಇದ್ರೆ ಇಲ್ಲಿ ಬರೀಬೇಕು. ಇಲ್ದಿದ್ರೆ ಸೈನ್ ಮಾಡಿ," ಎಂದ.

ಸಾರ್ ನೋಡದೆ ಸೈನ್ ಮಾಡಿದರು. ಅವರ ಬದುಕಿನಲ್ಲಿ ನೋಡದೆ ಹಾಕಿದ ರುಜು ಅದೊಂದೇ ಇರಬೇಕು.

ತಮ್ಮನ ಮಗಳು ಕೆಳಗೆ ಬಂದು ಗಾಡಿಯ ಸುತ್ತ ಒಂದು ಸಲ ಬಂದಳು. "ದೊಡ್ಡಪ್ಪ, ಸ್ಟಾರ್ಟ್ ಮಾಡ್ತೀರಾ? ಅಪ್ಪ ಇದರ ಶಬ್ದನ ಬಾಯಲ್ಲೇ ಮಾಡಿ ತೋರಿಸ್ತಿದ್ರು. ನಾನು ಕೇಳೇ ಇಲ್ಲ," ಎಂದಳು. ಟ್ಯಾಂಕ್ ಖಾಲಿ. ಅವಳೇ ಹೋಗಿ ಒಂದು ಬಾಟಲಿ ಪೆಟ್ರೋಲ್ ತಂದಳು. ಸಾರ್ ಬ್ಯಾಟರಿ ಜೋಡಿಸಿ ಒದ್ದರು. ಮೊಣಕಾಲು ಬಗ್ಗಲಿಲ್ಲ. ಇನ್ನೊಮ್ಮೆ ಒದ್ದರು. ಗಾಡಿಯ ಒಂದೊಂದು ಸ್ಕ್ರೂ ಗೊತ್ತಿದ್ದ ಮನುಷ್ಯ; ಅದನ್ನು ಒದ್ದು ಎಬ್ಬಿಸುತ್ತಿದ್ದವನು ಯಾವಾಗಲೂ ಇನ್ನೊಬ್ಬ. ಐದನೆಯ ಒದೆತಕ್ಕೆ ಎಂಜಿನ್ ಹಿಡಿಯಿತು. ಡಬ್ ಡಬ್ ಡಬ್ ಎಂದು ಮಹಡಿಗಳ ನಡುವಿನ ಇಕ್ಕಟ್ಟಿನಲ್ಲಿ ಶಬ್ದ ತುಂಬಿಕೊಂಡಿತು. ಮೇಲಿನ ಕಿಟಕಿಗಳಿಂದ ಜನ ಇಣುಕಿದರು. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ತಮ್ಮನ ಹೆಂಡತಿ ಮೆಟ್ಟಿಲಿಳಿದು ಬಂದಳು. "ನಿಲ್ಲಿಸಿ ಭಾವ," ಎಂದಳು.

ಸಾರ್ ನಿಲ್ಲಿಸಿದರು.

ಅವಳು ದನಿ ಏರಿಸಲಿಲ್ಲ, ಅಳಲೂ ಇಲ್ಲ ಎಂದು ಅಕ್ಕ ಹೇಳುತ್ತಾರೆ. ನಿಂತಲ್ಲಿಂದಲೇ ಮಾತಾಡಿದಳು.

"ಅವರಿಗೆ ಗಾಡಿ ಮೇಲೆ ಆಸೆ ಅಂದ್ಕೊಂಡ್ರಾ? 'ಅಣ್ಣನ್ನ ಬಾ ಅಂತ ಕರೆದ್ರೆ ಬರಲ್ಲ ಕಣೇ, ಗಾಡಿ ಕೇಳಿದ್ರೆ ಅದರ ಹಿಂದೆ ಬಂದೇ ಬರ್ತಾನೆ' ಅಂತ ನನ್ನ ಹತ್ರ ಹೇಳಿದ್ರು. ದಿನಾ ಆ ಕಿಟಕಿ ಹತ್ರ ಕೂರಿಸು ಅನ್ನೋರು. ಗಾಡಿಗೆ ಕಂಪನಿ ಹುಡುಕಬೇಕಿತ್ತು, ಸರಿ. ನೀವು ಬರೋಕೆ ಏನು ಹುಡುಕಬೇಕಿತ್ತು ಭಾವ? ರೈಲು ದಿನಾ ಇತ್ತಲ್ಲ."

ಸಾರ್ ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದರು. ಎಂಜಿನ್ ಬಿಸಿಯಾಗಿತ್ತು, ಅವರ ಪಂಚೆಯ ಅಂಚು ಹೊಗೆಯ ಕೊಳವೆಗೆ ತಾಗಿ ಸುಟ್ಟ ವಾಸನೆ ಬರುತ್ತಿತ್ತು. ಅಕ್ಕ ಹೋಗಿ ಬಟ್ಟೆ ಬಿಡಿಸಿದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಗಾಡಿಯನ್ನು ಅಲ್ಲೇ ಮೆಟ್ಟಿಲ ಕೆಳಗೆ ಬಿಟ್ಟು, ಕೀಲಿಯನ್ನು ಹುಡುಗಿಯ ಕೈಗೆ ಕೊಟ್ಟು ಮರುದಿನ ಹೊರಟು ಬಂದರು. ಬಂದವರು ನನಗೆ ಇದಿಷ್ಟನ್ನೂ ಒಂದೇ ಸಲಕ್ಕೆ, ಏರಿಳಿತವಿಲ್ಲದ ದನಿಯಲ್ಲಿ, ಪರೀಕ್ಷೆಯ ವರದಿ ಓದಿದ ಹಾಗೆ ಹೇಳಿ ಮುಗಿಸಿದರು. ಕೊನೆಗೆ ಕೇಳಿದರು: "ನಲವತ್ತು ವರ್ಷ ನಾನು ಎಷ್ಟು ಬೇರಿಂಗ್ ವಾಪಸ್ ಕಳಿಸಿರಬಹುದು? ಅದರಲ್ಲಿ ಎಷ್ಟೋ ಓಡ್ತಿದ್ವು ಅಲ್ವಾ? ಹಾಗೇ ಹಾಕಿದ್ರೆ ಓಡ್ತಿದ್ವು."

ಇಲ್ಲ ಸಾರ್, ಎನ್ನಲು ಬಾಯಿ ತೆರೆದೆ. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ.

ಇದಾಗಿ ಎರಡು ವರ್ಷ ಕಳೆದಿದೆ. ಶೆಡ್ಡಿನ ಬಾಗಿಲು ಹಾಕಿಯೇ ಇರುತ್ತದೆ. ಅವರು ಗಡ್ಡ ಬಿಟ್ಟಿದ್ದಾರೆ. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅಕ್ಕ ಹೇಳಿದರೆ ಕತ್ತರಿಸುತ್ತಾರೆ, ಹೇಳದಿದ್ದರೆ ಇಲ್ಲ. ತಿಂಗಳಿಗೊಮ್ಮೆ ತಮ್ಮನ ಮನೆಗೆ ಫೋನ್ ಮಾಡುತ್ತಾರೆ. ತಮ್ಮನ ಹೆಂಡತಿ ಎತ್ತುವುದಿಲ್ಲ, ಮಗಳು ಎತ್ತುತ್ತಾಳೆ. ಹೋದ ಭಾನುವಾರ ನಾನು ಅಲ್ಲಿದ್ದಾಗಲೂ ಮಾಡಿದರು.

"ಅಮ್ಮ ಹೇಗಿದಾರಮ್ಮ?"

"ಇದಾರೆ ದೊಡ್ಡಪ್ಪ."

"ಮಾತಾಡ್ತಾರಾ?"

ಆ ಕಡೆ ಹುಡುಗಿ ಯಾರನ್ನೋ ಕೇಳಿದ ಸದ್ದು, ಪಾತ್ರೆ ಇಟ್ಟ ಸದ್ದು, ನಲ್ಲಿ ತಿರುಗಿಸಿದ ಸದ್ದು. "ಅಮ್ಮಂಗೆ ಸ್ವಲ್ಪ ಕೆಲಸ ಇದೆ ದೊಡ್ಡಪ್ಪ."

"ಆಗಲಮ್ಮ. ಇನ್ನೊಂದ್ಸಲ ಮಾಡ್ತೀನಿ."

ಗಾಡಿಯ ಬಗ್ಗೆ ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇದುವರೆಗೂ ಕೇಳಿಲ್ಲ, ಹೇಳಿಲ್ಲ. ಇನ್ನೂ ಮೆಟ್ಟಿಲ ಕೆಳಗೇ ಇದೆಯೋ, ಮಾರಿದರೋ, ಗುಜರಿಗೆ ಹಾಕಿದರೋ ನಮಗೆ ಯಾರಿಗೂ ಗೊತ್ತಿಲ್ಲ.